ಎಸ್ಸೆಸ್ಸೆಲ್ಸಿಯಲ್ಲಿ 611 ತೆಗೆದ ಮಗಳಿಗೆ ಐಐಎಸ್‌ಸಿ ಸಿಗುತ್ತದೆಯೇ?

ನೀವು ಕೇಳಿರುವುದು ಇಷ್ಟು: ಮಗಳು ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 611 ತೆಗೆದಿದ್ದಾಳೆ, ಮಂಡ್ಯದಲ್ಲಿ ಪಿಸಿಎಂಬಿ ಓದುತ್ತಿದ್ದಾಳೆ, ಪ್ರಥಮ ಪಿಯುಸಿ ಈಗಷ್ಟೇ ಮುಗಿದಿದೆ. ಓದಿದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ (ಐಐಎಸ್‌ಸಿ) ಎಂದು ಹಟ ಹಿಡಿದಿದ್ದಾಳೆ. ಸಿಗುವ ಸಾಧ್ಯತೆ ಎಷ್ಟು, ಜಮೀನಿನ ಮೇಲೆ ಸಾಲ ತೆಗೆದು ಮೈಸೂರಿನ ಕೋಚಿಂಗ್‌ಗೆ ಸೇರಿಸಬೇಕೇ? ಮಂಡ್ಯದ ಪದವಿಪೂರ್ವ ಕಾಲೇಜೊಂದರಲ್ಲಿ 27 ವರ್ಷ ಭೌತಶಾಸ್ತ್ರ ಕಲಿಸಿ ಈಗ ನಿವೃತ್ತಳಾಗಿ ಮೈಸೂರಿನಲ್ಲಿದ್ದೇನೆ. ಇದೇ ಪ್ರಶ್ನೆಯನ್ನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಎಷ್ಟೋ ತಂದೆತಾಯಂದಿರು ಕೇಳಿದ್ದಾರೆ.

ಮೊದಲು ಕಹಿಯಾದದ್ದನ್ನೇ ಹೇಳಿಬಿಡುತ್ತೇನೆ. ಆ 611 ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಸಿಇಟಿಯಲ್ಲಾದರೆ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯುಸಿ ಅಂಕಕ್ಕೆ ಅರ್ಧ ಪಾಲಿದೆ. ಐಐಎಸ್‌ಸಿಯ ನಾಲ್ಕು ವರ್ಷದ ಬಿ.ಎಸ್. ಪದವಿಗೆ ಪಿಯುಸಿ ಅಂಕ ಅರ್ಹತೆಗೆ ಮಾತ್ರ. ಸೀಟು ಕೊಡುವುದು ಪ್ರವೇಶ ಪರೀಕ್ಷೆಯ ರ‍್ಯಾಂಕು. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೂ ಕನ್ನಡ ಮಾಧ್ಯಮದವರಿಗೂ ಇರುವ ಮೀಸಲಾತಿ ಅಲ್ಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಾಗದಲ್ಲಿ 1909ರಲ್ಲಿ ತಲೆಯೆತ್ತಿದ ಸಂಸ್ಥೆ ಅದು. ಆದರೂ ಕರ್ನಾಟಕದ ಮಕ್ಕಳಿಗೆಂದು ತೆಗೆದಿಟ್ಟ ಸೀಟುಗಳಿಲ್ಲ, ಇಡೀ ದೇಶದ ಮಕ್ಕಳ ಸಾಲಿನಲ್ಲಿ ನಿಲ್ಲಬೇಕು. ಇರುವುದು ಕೇಂದ್ರದ ಮೀಸಲಾತಿ. ನಿಮ್ಮ ಬಳಿ ರಾಜ್ಯದ ಹಿಂದುಳಿದ ವರ್ಗಗಳ 2ಎ ಅಥವಾ 3ಎ ಪ್ರಮಾಣಪತ್ರವಿದ್ದರೆ ಅದು ಅಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲಿಯೇ ಪತ್ರ ಮಾಡಿಸಿಕೊಳ್ಳಿ. ಅರ್ಜಿಯ ಕೊನೆಯ ವಾರ ಈ ಒಂದು ಕಾಗದಕ್ಕಾಗಿ ಅಲೆದವರನ್ನು ಕಂಡಿದ್ದೇನೆ.

ಒಳಗೆ ಹೋಗಲು ಅವಳ ಮುಂದಿರುವುದು ಎರಡು ಪರೀಕ್ಷೆಗಳು: ಐಐಟಿಗಳಿಗೆಂದು ಇರುವ ಜೆಇಇ ಅಡ್ವಾನ್ಸ್ಡ್ ಮತ್ತು ಐಸರ್ ಎಂಬ ಕೇಂದ್ರದ ವಿಜ್ಞಾನ ಶಿಕ್ಷಣ ಸಂಸ್ಥೆಗಳು ನಡೆಸುವ ಪ್ರವೇಶ ಪರೀಕ್ಷೆ ಐಎಟಿ. ಪಿಸಿಎಂಬಿ ಎಂದು ಓದಿದ ಕೂಡಲೇ ನನಗೆ ಸಮಾಧಾನವಾಯಿತು. ಐಎಟಿಯಲ್ಲಿ 60 ಪ್ರಶ್ನೆ, 240 ಅಂಕ. ಭೌತ, ರಸಾಯನ, ಗಣಿತ, ಜೀವಶಾಸ್ತ್ರ ಒಂದೊಂದರಿಂದಲೂ 15. ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ವಿಜ್ಞಾನ ಹಿಡಿದ ಮಕ್ಕಳು ಇಲ್ಲಿ ಕಾಲು ಭಾಗದ ಅಂಕಕ್ಕೆ ತಡಕಾಡುತ್ತಾರೆ. ಪಾಠವಂತೂ ಹೊಸದಲ್ಲ, ನಮ್ಮ ಪಿಯು ವಿಜ್ಞಾನದಲ್ಲಿರುವುದೂ ಎನ್‌ಸಿಇಆರ್‌ಟಿ ಪಠ್ಯವೇ. ಕೇಳುವ ರೀತಿ ಬೇರೆ. ಬೋರ್ಡ್ ಪರೀಕ್ಷೆಯಲ್ಲಿ ನಿಯಮ ಬರೆದು ಸೂತ್ರ ಸಾಧಿಸಿದರೆ ಅಂಕ ಬಂತು. ಅಲ್ಲಿ ಎರಡು ಅಧ್ಯಾಯಗಳು ಒಂದೇ ಪ್ರಶ್ನೆಯೊಳಗೆ ಕೂತಿರುತ್ತವೆ. ಒಂದು ಉದಾಹರಣೆ ಕೊಡುತ್ತೇನೆ, ಮಗಳಿಗೆ ಕೇಳಿ ನೋಡಿ: ಸ್ಪ್ರಿಂಗಿಗೆ ಕಟ್ಟಿದ ಗುಂಡು ಆಂದೋಲನ ಮಾಡುತ್ತಿದೆ. ಗುಂಡಿನಲ್ಲಿ ವಿದ್ಯುದಾವೇಶವಿದೆ. ಆಂದೋಲನದ ದಿಕ್ಕಿನಲ್ಲಿಯೇ ಎಲ್ಲೆಡೆ ಸಮನಾದ ವಿದ್ಯುತ್ ಕ್ಷೇತ್ರವನ್ನು ಕೊಟ್ಟರೆ ಆವರ್ತಕಾಲ ಬದಲಾಗುತ್ತದೆಯೇ? ಬದಲಾಗುವುದಿಲ್ಲ, ಗುಂಡು ಸಮತೋಲನಕ್ಕೆ ಬರುವ ಜಾಗ ಮಾತ್ರ ಸರಿಯುತ್ತದೆ. ಉತ್ತರ ತಪ್ಪಿದರೂ ಚಿಂತೆಯಿಲ್ಲ. ಅವಳು ಕಾಗದ ತೆಗೆದುಕೊಂಡು ಚಿತ್ರ ಬರೆಯುತ್ತಾಳೋ, ಇಲ್ಲವೇ 'ಇದು ನಮ್ಮ ಪಠ್ಯದಲ್ಲಿಲ್ಲ' ಎಂದು ಎದ್ದು ಹೋಗುತ್ತಾಳೋ ನೋಡಿ.

ಶೇಕಡಾ ಇಷ್ಟು ಸಾಧ್ಯತೆ ಎಂದು ನಾನು ಹೇಳಲಾರೆ. ಆದರೆ ಮನೆಯಲ್ಲಿಯೇ ಅಳೆದು ನೋಡುವ ಒಂದು ಕ್ರಮವಿದೆ. ಮೂರು ಭಾನುವಾರ, ಮೂರು ಹಳೆಯ ಐಎಟಿ ಪ್ರಶ್ನೆಪತ್ರಿಕೆ. ದ್ವಿತೀಯ ವರ್ಷದ ಪಾಠದ ಪ್ರಶ್ನೆಗಳಿಗೆ ಅಡ್ಡಗೀಟು ಹಾಕಿ. ಉಳಿದವಕ್ಕೆ ತಲಾ ಮೂರು ನಿಮಿಷದಂತೆ ಹೊತ್ತು ಕೊಡಿ, ನಿಜವಾದ ಪರೀಕ್ಷೆಯಲ್ಲಿ ಸಿಗುವುದೂ ಅಷ್ಟೇ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಪ್ರತಿ ಉತ್ತರದ ಪಕ್ಕದಲ್ಲಿ ಅವಳು ಒಂದು ಅಕ್ಷರ ಬರೆಯಬೇಕು: ಖಚಿತವಾಗಿದ್ದರೆ 'ಖ', ಅನುಮಾನವಿದ್ದರೆ 'ಅ', ಊಹೆಯಾದರೆ 'ಊ'. ಆಮೇಲೆ ಉತ್ತರ ನೋಡಿ 'ಖ' ಬರೆದವುಗಳಲ್ಲಿ ಎಷ್ಟು ತಪ್ಪಿವೆ ಎಂದು ಎಣಿಸಿ. ನಾನು ನೋಡುವುದು ಆ ಒಂದು ಸಂಖ್ಯೆಯನ್ನೇ. ಊಹೆಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಸರಿಗೆ ನಾಲ್ಕು, ತಪ್ಪಿಗೆ ಮೈನಸ್ ಒಂದು ಇರುವಲ್ಲಿ ಕುರುಡು ಊಹೆಯಿಂದ ಸರಾಸರಿ ಬರುವುದು ಪ್ರಶ್ನೆಗೆ ಕಾಲು ಅಂಕ, ಅದರಿಂದ ಯಾರ ಹಣೆಬರಹವೂ ಬದಲಾಗುವುದಿಲ್ಲ. ಹತ್ತು 'ಖ'ದಲ್ಲಿ ಒಂಬತ್ತು ಸರಿಯಾಗಿದ್ದರೆ, ಬಿಡಿಸಿದ್ದು ಮೂರನೇ ಒಂದು ಭಾಗವೇ ಆಗಿದ್ದರೂ ನನಗೆ ಭರವಸೆ ಇದೆ. ಅವಳಿಗೆ ತಾನು ಬಲ್ಲದ್ದೇನು ಎಂಬುದು ಗೊತ್ತಿದೆ; ಇನ್ನು ಒಂದು ವರ್ಷದಲ್ಲಿ ಆ ಭಾಗವನ್ನು ಬೆಳೆಸಬಹುದು. ಹತ್ತರಲ್ಲಿ ನಾಲ್ಕು ತಪ್ಪಿದ್ದರೆ ಓದು ಬಾಯಿಪಾಠವಾಗಿದೆ ಎಂದರ್ಥ. 611 ಬಂದ ಮಕ್ಕಳಲ್ಲಿ ಇದನ್ನು ಬಹಳ ನೋಡಿದ್ದೇನೆ.

ಮಕ್ಕಳನ್ನು ಅಂಕದಿಂದ ಅಳೆದು ನಾನೇ ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ನಾಗಮಂಗಲ ಕಡೆಯ ಹುಡುಗ, ಹತ್ತನೆಯವರೆಗೆ ಕನ್ನಡ ಮಾಧ್ಯಮ. ಪ್ರಥಮ ಪಿಯುಸಿಯ ಲ್ಯಾಬ್‌ನಲ್ಲಿ ಸರಳ ಲೋಲಕದ ಪ್ರಯೋಗ. ಎಲ್ಲರ ರೆಕಾರ್ಡಿನಲ್ಲಿಯೂ ಗುರುತ್ವ ವೇಗೋತ್ಕರ್ಷ 9.8, ಇವನದು 9.6. ಕೆಳಗೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಒಂದು ಸಾಲು: 'ಗುಂಡು ಕಟ್ಟುವ ಮೊದಲು ದಾರ ಅಳೆದಿದ್ದೆ, ಕಟ್ಟಿದ ಮೇಲೆ ಎರಡು ಸೆಂಟಿಮೀಟರ್ ಹಿಗ್ಗಿದೆ.' ಮೀಟರಿಗೆ ಎರಡು ಸೆಂಟಿಮೀಟರ್ ಎಂದರೆ ಶೇಕಡಾ ಎರಡು, 9.8 ಇಳಿದು 9.6 ಆಗಲು ಸರಿಯಾಗಿ ಅಷ್ಟೇ ಬೇಕು. ನಾನು ಆ ಸಾಲನ್ನು ಓದಿದೆ, ಓದಿಯೂ 'ಅಳಿಸಿ 9.8 ಬರೆದು ತಾ' ಎಂದೆ. ಅವನು ಅಲ್ಲಿಯೇ ನಿಂತು ರಬ್ಬರಿನಿಂದ ಉಜ್ಜಿದ, ಹಾಳೆ ಸ್ವಲ್ಪ ಹರಿಯಿತು. ಅದೇ ವರ್ಷ ಆಗ ಇದ್ದ ಕೆವಿಪಿವೈ ಎಂಬ ವಿಜ್ಞಾನ ವಿದ್ಯಾರ್ಥಿವೇತನದ ಪರೀಕ್ಷೆಗೆ ಅರ್ಜಿ ಹಾಕಲೇ ಎಂದು ಕೇಳಿದಾಗ, ಮಧ್ಯವಾರ್ಷಿಕದ ಅವನ ಅಂಕ ನೋಡಿ ಬೇಡ ಎಂದುಬಿಟ್ಟೆ. ಅಂಕ ಕಡಿಮೆಯಿದ್ದದ್ದು ಇಂಗ್ಲಿಷ್ ಪ್ರಶ್ನೆ ಓದಲು ಅವನಿಗೆ ಹೊತ್ತು ಹಿಡಿಯುತ್ತಿದ್ದುದರಿಂದ. ಪ್ರತಿಭೆ ಆ ಪೆನ್ಸಿಲಿನ ಸಾಲಿನಲ್ಲಿತ್ತು. ಇವತ್ತಿಗೂ ಆ ಹಾಳೆ ಕಣ್ಣ ಮುಂದೆ ಬರುತ್ತದೆ.

ಆ ಹುಡುಗ ಮೈಸೂರಿನ ಯುವರಾಜ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿ, ಪದವಿಯ ನಂತರದ ಪ್ರವೇಶಕ್ಕಿರುವ ಜ್ಯಾಮ್ ಪರೀಕ್ಷೆ ಬರೆದು ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ (ಸ್ನಾತಕೋತ್ತರ ಪದವಿ, ಪಿಎಚ್.ಡಿ. ಎರಡೂ ಸೇರಿದ ಕೋರ್ಸು) ಸೇರಿದ. ಬಿ.ಎಸ್ಸಿ. ಆದ ಮೇಲೆ ಅದೇ ಸಂಸ್ಥೆಗೆ ಹೀಗೊಂದು ಬಾಗಿಲಿದೆ ಎಂಬುದು ನಮ್ಮ ಕಡೆ ಅನೇಕ ಮನೆಗಳಿಗೆ ಗೊತ್ತಿಲ್ಲ. 1984ರಿಂದ ಹತ್ತು ವರ್ಷ ಐಐಎಸ್‌ಸಿಯ ನಿರ್ದೇಶಕರಾಗಿದ್ದ ಸಿ.ಎನ್.ಆರ್. ರಾವ್ ಅವರ ಬಿ.ಎಸ್ಸಿ. ಕೂಡ ಮೈಸೂರು ವಿಶ್ವವಿದ್ಯಾನಿಲಯದ್ದೇ, 1951ರಲ್ಲಿ. ಮಗಳಿಗೆ ಇದನ್ನು ಈಗಲೇ ಹೇಳಿಡಿ. ಹದಿನೆಂಟಕ್ಕೆ ಸಿಗದಿದ್ದರೆ ಎಲ್ಲ ಮುಗಿಯಿತು ಎಂಬ ಭಯ ಹೊತ್ತು ಪರೀಕ್ಷೆಗೆ ಕೂರುವುದು ಬೇಡ. ಐಎಟಿಯನ್ನೇ ಬರೆದು ತಿರುಪತಿ, ಪುಣೆ, ತಿರುವನಂತಪುರದಂಥ ಏಳು ಐಸರ್‌ಗಳಿಗೂ ಸೇರಬಹುದು. ಹೆಣ್ಣುಮಗಳನ್ನು ಅಷ್ಟು ದೂರ ಹೇಗೆ ಕಳಿಸುವುದು ಎಂದು ಹಿಂಜರಿಯದಿರಿ, ಅಲ್ಲಿ ಹಾಸ್ಟೆಲ್ ಇದೆ, ಕಲಿಸುವವರು ಒಳ್ಳೆಯವರು.

ಸಾಲದ ವಿಷಯ. ಬೇಡ, ಖಂಡಿತ ಬೇಡ. ಕೋಚಿಂಗ್‌ನಿಂದ ಏನೂ ಆಗುವುದಿಲ್ಲ ಎನ್ನುತ್ತಿಲ್ಲ. ಹೊತ್ತಿಗೆ ಸರಿಯಾಗಿ ಬಿಡಿಸುವ ಅಭ್ಯಾಸ ಅಲ್ಲಿ ಬರುತ್ತದೆ. ಆದರೆ ಜಮೀನು ಅಡವಿಟ್ಟ ವಿಷಯ ತಿಳಿದ ಮಗು ಪ್ರತಿ ಟೆಸ್ಟಿನಲ್ಲಿಯೂ ಆ ಜಮೀನನ್ನು ಹೆಗಲ ಮೇಲೆ ಹೊತ್ತು ಕೂರುತ್ತದೆ. ಎನ್‌ಸಿಇಆರ್‌ಟಿಯ ಎಕ್ಸೆಂಪ್ಲರ್ ಎಂಬ ಅಭ್ಯಾಸ ಪ್ರಶ್ನೆಗಳ ಪುಸ್ತಕಗಳು ಅವರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ; ಮುದ್ರಿಸಿ ಹೊಲಿಸಿಕೊಡಿ. ಅವಳ ಕಾಲೇಜಿನಲ್ಲಿ ಸಂದೇಹಗಳಿಗೆ ಬೇಸರವಿಲ್ಲದೆ ಉತ್ತರಿಸುವ ಒಬ್ಬ ಉಪನ್ಯಾಸಕರಿದ್ದರೆ ಒಂದು ವರ್ಷಕ್ಕೆ ಸಾಕು.

ಮೂರು ಭಾನುವಾರ ಕಳೆದ ಮೇಲೆ ಒಟ್ಟು ಅಂಕ ಬರೆಯಬೇಡಿ. ಎಷ್ಟು 'ಖ' ಬರೆದಳು, ಅದರಲ್ಲಿ ಎಷ್ಟು ತಪ್ಪಿದವು, ತಪ್ಪಿದ ಪ್ರಶ್ನೆ ಯಾವ ಪಾಠದ್ದು ಎಂದು ಇಲ್ಲಿಯೇ ಬರೆಯಿರಿ. ಎಲ್ಲಿಂದ ಶುರು ಮಾಡಬೇಕೆಂದು ಆಗ ಹೇಳುತ್ತೇನೆ.