ಯಾವ ಫ್ಲೆಮಿಂಗೊ ಎಂದು ಮೊದಲು ಹೇಳಿ

ಪ್ರಿಯ ಲೇಖಕರೇ,

ಫ್ಲೆಮಿಂಗೊ ಹಕ್ಕಿಗಳ ಕುರಿತ ನಿಮ್ಮ ಪ್ರಬಂಧ ತಲುಪಿದೆ. ತಾಂಜಾನಿಯಾದ ನೇಟ್ರಾನ್ ಸರೋವರದ ಭಾಗ ಚೆನ್ನಾಗಿದೆ. ಚರ್ಮ ಸುಡುವ ಕ್ಷಾರದ ಕೆಸರು ಕತ್ತೆಕಿರುಬಗಳನ್ನು ಗೂಡಿನಿಂದ ದೂರವಿಡುವುದನ್ನು ಸ್ಪಷ್ಟವಾಗಿ ಬರೆದಿದ್ದೀರಿ. ಅದನ್ನು ಮುಟ್ಟಬೇಡಿ. ಬೊಲಿವಿಯಾದ ಲಗುನಾ ಕೊಲೊರಾಡಾ ಸರೋವರದ ಪುಟಕ್ಕೆ ಬಂದಾಗ ಮಾತ್ರ ನನಗೆ ಸಿಟ್ಟು ಬಂತು.

“ಬಿಸಿಲಿನ ಧಗೆಯಲ್ಲಿ ಗುಲಾಬಿ ಸೀರೆಯುಟ್ಟ ಮದುವಣಗಿತ್ತಿಯರಂತೆ ಫ್ಲೆಮಿಂಗೊಗಳು ನಿಂತಿದ್ದವು.” ಎಲ್ಲಿಯ ಧಗೆ? ಆ ಸರೋವರ ಇರುವುದು ಸಮುದ್ರಮಟ್ಟದಿಂದ 4,200 ಮೀಟರಿಗೂ ಎತ್ತರದಲ್ಲಿ. ರಾತ್ರಿಯ ಚಳಿಗೆ ಅಲ್ಲಿನ ಆಳವಿಲ್ಲದ ನೀರು ಹೆಪ್ಪುಗಟ್ಟುತ್ತದೆ. ಮದುವಣಗಿತ್ತಿಯರನ್ನು ಕರೆತಂದು ಆ ಚಳಿಯನ್ನೇ ಓದುಗರಿಂದ ಮರೆಮಾಡಿದ್ದೀರಿ.

ನಾನು ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಹಿರಿಯ ಉಪಸಂಪಾದಕರೊಬ್ಬರಿದ್ದರು. ‘ಮರದ ಮೇಲೆ ಹಕ್ಕಿ ಕೂಗಿತು’ ಎಂದು ಯಾರಾದರೂ ಬರೆದರೆ, “ಯಾವ ಮರ? ಯಾವ ಹಕ್ಕಿ?” ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಹಾಳೆಯನ್ನು ಹಿಂದಿರುಗಿಸುತ್ತಿದ್ದರು. ಉತ್ತರ ಹುಡುಕಲು ನಾವು ಗ್ರಂಥಾಲಯಕ್ಕೆ ಓಡುತ್ತಿದ್ದೆವು. ನಿಮ್ಮ ಸಾಲಿಗೂ ನನ್ನ ಪ್ರಶ್ನೆ ಅದೇ: ಯಾವ ಫ್ಲೆಮಿಂಗೊ?

ಜಗತ್ತಿನ ಆರು ಪ್ರಭೇದಗಳಲ್ಲಿ ಮೂರು ಅಲ್ಲಿವೆ. ಆಂಡಿಯನ್ ಫ್ಲೆಮಿಂಗೊದ ಕಾಲು ಹಳದಿ. ಜೇಮ್ಸ್ ಫ್ಲೆಮಿಂಗೊದ್ದು ಇಟ್ಟಿಗೆಗೆಂಪು. ಚಿಲಿಯ ಫ್ಲೆಮಿಂಗೊದ್ದು ಬೂದು, ನಡುವಿನ ಕೀಲು ಮಾತ್ರ ಕೆಂಪು. ಇವುಗಳಲ್ಲಿ ಜೇಮ್ಸ್ ಫ್ಲೆಮಿಂಗೊ ಅಳಿದೇಹೋಗಿದೆ ಎಂದು ಜನ ನಂಬಿದ್ದರು. 1950ರ ದಶಕದಲ್ಲಿ ಅದು ಮತ್ತೆ ಸಿಕ್ಕಿತು. ಅಂಥ ಹಕ್ಕಿಗೆ ನಿಮ್ಮ ಪುಟದಲ್ಲಿ ಹೆಸರೂ ಇಲ್ಲ.

ಮುಂದಿನ ಸಾಲು ಇನ್ನೂ ಕೆಟ್ಟದ್ದು: “ಎಲ್ಲವೂ ಒಂದೇ ಪಾಚಿಯನ್ನು ಹಂಚಿಕೊಂಡು ತಿನ್ನುತ್ತವೆ.” ತಿನ್ನುವುದಿಲ್ಲ. ಒಂದೇ ನೀರಿನಲ್ಲಿ ಅವು ಒಟ್ಟಿಗೆ ಬಾಳಲು ಆಗುವುದೇ ಊಟ ಬೇರೆಬೇರೆಯಾದ್ದರಿಂದ. ಜೇಮ್ಸ್ ಫ್ಲೆಮಿಂಗೊದ ಕೊಕ್ಕಿನೊಳಗಿನ ಜರಡಿಯ ಕಂಡಿಗಳು ಬಹಳ ಸಣ್ಣವು. ಡಯಾಟಮ್ ಎಂಬ, ಕಣ್ಣಿಗೆ ಕಾಣದ ಪಾಚಿಗಳನ್ನು ಅದು ಸೋಸಿಕೊಳ್ಳುತ್ತದೆ. ಆಂಡಿಯನ್‌ಗೆ ಅದಕ್ಕಿಂತ ದೊಡ್ಡ ಡಯಾಟಮ್‌ಗಳು ಬೇಕು. ಚಿಲಿಯ ಹಕ್ಕಿ ನೀರಿನ ಸಣ್ಣ ಹುಳು, ಸೀಗಡಿಗಳನ್ನು ಹಿಡಿಯುತ್ತದೆ. ಬರೆಯಬೇಕಾದ ಕಥೆ ಇದು. ಇದು ಕೈಗೆಟುಕುವಲ್ಲೇ ಇದ್ದರೂ ನೀವು ಸೀರೆಯ ಬಣ್ಣ ನೋಡುತ್ತ ನಿಂತಿರಿ.

ಆ ಪುಟವನ್ನು ಪೂರ್ತಿ ಹೊಡೆದುಹಾಕಿ. ಕಾಲು, ಕೊಕ್ಕು, ಚಳಿ ಈ ಮೂರನ್ನೇ ಹಿಡಿದು ಮತ್ತೆ ಬರೆದು ಕಳುಹಿಸಿ. ನೇಟ್ರಾನ್ ಭಾಗದ ಜೊತೆ ಅದನ್ನೂ ಪ್ರಕಟಿಸಲು ಪುಟಗಳನ್ನು ಕಾದಿರಿಸಿದ್ದೇನೆ.