ಪ್ಯಾರಪೆಟ್ ಗೋಡೆಯಿಂದ ನೀರು ಇಳಿದು ಬೆಡ್‌ರೂಮ್ ಒದ್ದೆಯಾಗುತ್ತಿದೆ, ಯಾವ ವಾಟರ್‌ಪ್ರೂಫ್ ಪೇಂಟ್ ಒಳ್ಳೆಯದು?

ಯಾವ ಪೇಂಟೂ ಬೇಡ. ಸದ್ಯಕ್ಕೆ ಅಂಗಡಿ ಕಡೆ ಹೋಗಲೇಬೇಡಿ.

ಸೀಲಿಂಗಿನಿಂದ ಒಂದು ಗೇಣು ಕೆಳಗೆ ಪೇಂಟ್ ಉಬ್ಬಿದೆ, ಮುಟ್ಟಿದರೆ ಬಿಳಿ ಪುಡಿ ಉದುರುತ್ತದೆ ಅಂತ ಬರೆದಿದ್ದೀರಲ್ಲ, ಓದುವಾಗ ನಮ್ಮ ಮನೆಯ ಪಶ್ಚಿಮದ ಕೋಣೆಯೇ ಕಣ್ಣಮುಂದೆ ಬಂತು. ನಮ್ಮದು ಸಾಗರ. ಇಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸುಲಭಕ್ಕೆ ಬಿಡುವುದಿಲ್ಲ. ಮನೆ ಕಟ್ಟಿದ ಮೂರನೇ ವರ್ಷ ಅಂಗೈಯಷ್ಟು ಕಲೆ ಕಾಣಿಸಿತು. ಮುಂದಿನ ಮಳೆಗಾಲಕ್ಕೆ ಅದು ಮಂಚದ ಉದ್ದಕ್ಕೂ ಹರಡಿತ್ತು. ಬೀರುವಿನಲ್ಲಿದ್ದ ಅಮ್ಮನ ಸೀರೆಗೆ ಬೂಸ್ಟು ಹಿಡಿದ ದಿನ ನಾನು ಅತ್ತುಬಿಟ್ಟೆ.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ತಾರಸಿಯ ಪೈಪಿನ ಬಾಯಿಗೆ ಬಟ್ಟೆ ತುರುಕಿ, 2 ಇಂಚು ನೀರು ನಿಲ್ಲಿಸಿ 2 ದಿನ ಕಾದಿದ್ದೆವು. ಒಳಗೆ ಒಂದು ಹನಿಯೂ ಇಳಿಯಲಿಲ್ಲ. ನೆಲದಲ್ಲಿ ದೋಷವಿಲ್ಲ ಅಂತ ಆಗಲೇ ಗೊತ್ತಾಗಬೇಕಿತ್ತು ಅಲ್ವಾ? ಆದರೂ ಎಲ್ಲರ ಮಾತು ಕೇಳಿ ನೆಲಕ್ಕೆ, ಪ್ಯಾರಪೆಟ್ಟಿನ ಒಳಮೈಗೆ, ಹೊರಮೈಗೆ ಕೋಟಿಂಗ್ ಹೊಡೆಸಿದೆ. 42,000 ರೂಪಾಯಿ ಆಯಿತು. ಪ್ಯಾರಪೆಟ್ ಗೋಡೆಯ ತಲೆ, ಅಂದರೆ ಮೇಲಿನ ಅಂಚು ಮಾತ್ರ ಹಾಗೇ ಉಳಿಯಿತು. ಅದು ಅರ್ಧ ಅಡಿ ಅಗಲ, ಪೂರ್ತಿ ಸಪಾಟು, ಮೇಲೆಲ್ಲ ಕೂದಲೆಳೆಯಂಥ ಬಿರುಕು. ಮಳೆ ನೀರು ಅಲ್ಲೇ ನಿಂತು ಗೋಡೆಯೊಳಗೆ ಇಂಗುತ್ತಿತ್ತು. ಮೊದಲೆಲ್ಲ ಬಿಸಿಲು ಬಂದಾಗ ಆ ತೇವ ಎರಡೂ ಮೈಯಿಂದ ಒಂದಷ್ಟು ಆರಿ ಹೋಗುತ್ತಿತ್ತು. ನಾನು ಎರಡೂ ಕಡೆ ಮುಚ್ಚಿಸಿಬಿಟ್ಟೆ. ಗೋಡೆ ಕುಡಿದ ನೀರಿಗೆ ಉಳಿದದ್ದು ಕೆಳಗಿನ ದಾರಿ ಒಂದೇ. ಸ್ಲ್ಯಾಬಿನ ಮೇಲೆ ಗೋಡೆ ಕೂತ ಜಾಗದಲ್ಲಿ ಸಂದು ಇರುತ್ತದೆ, ಅಲ್ಲಿಂದ ಅದು ಒಳಕ್ಕೆ ತಿರುಗಿತು. ಆ ವರ್ಷ ಕಲೆ ಇನ್ನೂ ಜಾಸ್ತಿಯಾಯಿತು.

ಕೊನೆಗೆ ಬಂದ ವಯಸ್ಸಾದ ಮೇಸ್ತ್ರಿ ನೆಲದ ಕಡೆ ನೋಡಲೇ ಇಲ್ಲ. ಗೋಡೆಯ ತಲೆ ಮೇಲೆ ಬೆರಳಾಡಿಸಿಕೊಂಡು ಹೋಗಿ, ಒಂದು ಪುಟ್ಟ ಅರಳಿ ಗಿಡ ಹಿಡಿದು ಎಳೆದರು. ಗೇಣುದ್ದದ ಬೇರು ಬಂತು, ತುದಿಯಲ್ಲಿ ಹಸಿ ಮಣ್ಣು. "ಗೋಡೆಗೆ ಅಂಗಿ ತೊಡಿಸಿದೀರಿ ಅಕ್ಕಾ, ಕೊಪ್ಪೆ ಹಾಕ್ಲೇ ಇಲ್ವಲ್ಲ" ಅಂದರು. ಕೊಪ್ಪೆ ಅಂದರೆ ಮಳೆಗೆ ತಲೆ ಮೇಲಿಂದ ಹೊದೆಯುವ ಮುಸುಕು.

ನೀವು ಮೊದಲು ಟಾರ್ಪಾಲಿನ ಒಂದು ಪಟ್ಟಿಯನ್ನು ಗೋಡೆಯ ತಲೆಗೆ ಮಾತ್ರ ಹೊದಿಸಿ, ಇಟ್ಟಿಗೆ ಹೇರಿಡಿ. ಒಳಗಿನ ಕಲೆಯ ಅಂಚಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆಯಿರಿ. ಹತ್ತು ದಿನ ಮಳೆ ಸುರಿದರೂ ಕಲೆ ಗೆರೆ ದಾಟದಿದ್ದರೆ ನೀರು ತಲೆಯಿಂದಲೇ ಇಳಿಯುತ್ತಿದೆ. ದಾಟಿದರೆ ಬುಡದ ಸಂದು, ನೀರು ಹೋಗುವ ಪೈಪಿನ ಸುತ್ತ, ಮೇಲಿನ ಮಹಡಿಗೆ ಅಂತ ಬಿಟ್ಟ ಪಿಲ್ಲರ್ ಕಂಬಿಗಳ ಬುಡ ನೋಡಿ. ಕಂಬಿ ತುಕ್ಕು ಹಿಡಿದು ಸುತ್ತ ಬಿರುಕು ಬಿಟ್ಟಿದ್ದರೆ ನೀರು ಅಲ್ಲೂ ಇಳಿಯುತ್ತದೆ.

ರಿಪೇರಿ ಫೆಬ್ರವರಿಯಲ್ಲಿ, ಗೋಡೆ ಒಣಗಿದಾಗ ಮಾಡಿಸಿದೆ. ಟೊಳ್ಳು ಸದ್ದು ಬಂದ ಕಡೆಯ ಪ್ಲಾಸ್ಟರ್ ಎಲ್ಲ ಕೆತ್ತಿಸಿದರು. ಬುಡದ ಸಂದನ್ನು ಒಂದು ಇಂಚು ಆಳ ಬಿಡಿಸಿ, ಧೂಳು ತೊಳೆದು, ವಾಟರ್‌ಪ್ರೂಫ್ ಲಿಕ್ವಿಡ್ ಬೆರೆಸಿದ ಗಾರೆ ತುಂಬಿ, ಮೂಲೆಯನ್ನು ದುಂಡಗೆ ಮಾಡಿದರು. ತಲೆಗೆ ಕಡಪ ಕಲ್ಲು ಕೂರಿಸಿದರು. ಕಲ್ಲು ಗೋಡೆಯ ಎರಡೂ ಕಡೆ 2 ಇಂಚು ಚಾಚಿರಬೇಕು, ತಾರಸಿಯ ಕಡೆಗೆ ವಾಟ, ಅಂದರೆ ಇಳಿಜಾರು ಇರಬೇಕು. ಚಾಚಿದ ಭಾಗದ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಕೊಯ್ಯಿಸಲು ಮರೆಯಬೇಡಿ. ಅದಿಲ್ಲದಿದ್ದರೆ ನೀರು ಕಲ್ಲಿನ ಅಡಿಗೇ ಅಂಟಿಕೊಂಡು ವಾಪಸ್ ಗೋಡೆಗೆ ಬರುತ್ತದೆ.

ಸುಮ್ನೆ ತಾರಸಿ ಮೇಲೆ ಶೀಟ್ ಹಾಕಿಸಿ ಅನ್ನುವವರೂ ಸಿಗುತ್ತಾರೆ. ಶೀಟು ಪ್ಯಾರಪೆಟ್ ದಾಟಿ ಹೊರಗೆ ಚಾಚದಿದ್ದರೆ ಗೋಡೆ ನೆನೆಯುತ್ತಲೇ ಇರುತ್ತದೆ.

ಒಳಗಿನ ಗೋಡೆಯ ಪುಟ್ಟಿ ಕೆರೆದು, ಒಂದು ಪೂರ್ತಿ ಮಳೆಗಾಲ ಬೋಳಾಗೇ ಬಿಟ್ಟಿದ್ದೆ. ಪೆನ್ಸಿಲ್ ಗೆರೆ ಮತ್ತೆ ಎಳೆಯುವ ಕೆಲಸ ಬರಲಿಲ್ಲ. ದೀಪಾವಳಿಗೆ ಮಾಮೂಲಿ ಪೇಂಟ್ ಹೊಡೆಸಿ ಬೀರುವನ್ನು ಅದೇ ಗೋಡೆಗೆ ವಾಪಸ್ ಇಟ್ಟೆವು.