ಬಡವರ ಹೆಸರಿನಲ್ಲಿ ಕಾರಿನ ವಕಾಲತ್ತು

ಓದುಗರ ಪತ್ರ: "ನಗರ ಕೇಂದ್ರಕ್ಕೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕ ಹಾಕಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ವಾಹನ ತೆರಿಗೆ ಕಟ್ಟಿದ್ದೇವೆ, ಇಂಧನದ ಮೇಲೂ ತೆರಿಗೆ ಕೊಡುತ್ತಿದ್ದೇವೆ. ಇನ್ನು ರಸ್ತೆಗೆ ಇಳಿದ ತಪ್ಪಿಗೂ ಕಟ್ಟಬೇಕೆ? ದುಡ್ಡಿದ್ದವನಿಗೆ ಖಾಲಿ ರಸ್ತೆ, ಬಡವನಿಗೆ ಬಾಗಿಲು ಬಂದ್. ಅದರ ಬದಲು ರಸ್ತೆ ಅಗಲ ಮಾಡಲಿ."

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಲೆಕ್ಕ ಕಾಣಲಿಲ್ಲ. ಸಿಟ್ಟಿಗೆ ಸ್ವಾಗತ. ಲೆಕ್ಕ ನಾವು ಕೂಡಿಸುತ್ತೇವೆ.

ಗಂಟೆಗೆ 900 ವಾಹನ ದಾಟಿಸಬಲ್ಲ ಒಂದು ಜಂಕ್ಷನ್ನಿಗೆ 1,000 ವಾಹನ ಬಂದವು ಎನ್ನಿ. ಗಂಟೆ ಮುಗಿಯುವಾಗ 100 ವಾಹನ ಸಾಲಿನಲ್ಲಿ ಉಳಿದಿರುತ್ತವೆ. ಆಗ ಬಂದು ಸೇರುವವನು ಸುಮಾರು 7 ನಿಮಿಷ ಕಾಯಬೇಕು. ಎರಡನೇ ಗಂಟೆಯೂ ಹೀಗೇ ಹೋದರೆ ಕಾಯುವುದು 13 ನಿಮಿಷ ದಾಟುತ್ತದೆ. ಆದರೆ ಆ ಸಾವಿರದಲ್ಲಿ ನೂರು ಜನ ಬೇರೆ ಹೊತ್ತಿಗೆ ಹೊರಟರೆ, ಅಥವಾ ಬಸ್ ಹತ್ತಿದರೆ, ಸಾಲೇ ಹುಟ್ಟುವುದಿಲ್ಲ. ಶುಲ್ಕದ ಗುರಿ ಆ ಹತ್ತರಲ್ಲೊಬ್ಬ ಮಾತ್ರ. ಉಳಿದ ಒಂಬತ್ತು ಮಂದಿಯನ್ನು ರಸ್ತೆಯಿಂದ ಓಡಿಸುವ ಹುನ್ನಾರ ಯಾರಿಗೂ ಇಲ್ಲ.

ತೆರಿಗೆ ಕಟ್ಟಿದ್ದೇವಲ್ಲ ಎನ್ನುತ್ತೀರಿ. ಇಂಧನ ತೆರಿಗೆಗೆ ಹೊತ್ತೂ ಗೊತ್ತಿಲ್ಲ, ಜಾಗವೂ ಗೊತ್ತಿಲ್ಲ. ನಡುರಾತ್ರಿ ಖಾಲಿ ಹೆದ್ದಾರಿಯಲ್ಲಿ ಉರಿಸಿದ ಲೀಟರಿಗೂ ಬೆಳಿಗ್ಗೆ 9ಕ್ಕೆ ನಗರದ ನಡುಮಧ್ಯೆ ಉರಿಸಿದ ಲೀಟರಿಗೂ ಒಂದೇ ದರ. ಮೊದಲನೆಯವನಿಂದ ಯಾರ ಸಮಯವೂ ಹೋಗಲಿಲ್ಲ. ಎರಡನೆಯವನು ಹಿಂದಿರುವ ಎಲ್ಲರಿಂದಲೂ ಒಂದಿಷ್ಟು ಸಮಯ ಕಿತ್ತುಕೊಂಡಿದ್ದಾನೆ. ಕೊಲಂಬಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1950ರ ದಶಕದಿಂದಲೂ ಇದನ್ನೇ ಹೇಳುತ್ತ ಬಂದರು. 1996ರಲ್ಲಿ ನೊಬೆಲ್ ಘೋಷಣೆಯಾಯಿತು, ಮೂರೇ ದಿನಕ್ಕೆ ತೀರಿಕೊಂಡರು. ಅವರು ಪಾಠ ಹೇಳಿದ ನ್ಯೂಯಾರ್ಕಿನಲ್ಲಿ ಶುಲ್ಕ ಜಾರಿಯಾದದ್ದು 2025ರ ಜನವರಿ 5ರಂದು. ಸರಕಾರಗಳ ಅವಸರ ಎಂದರೆ ಇಷ್ಟೇ.

ರಸ್ತೆ ಅಗಲ ಮಾಡುವ ಸಲಹೆಗೆ ಹೆಚ್ಚು ಮಾತು ಬೇಡ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ, ಪಕ್ಕದ ರಸ್ತೆಗಳೂ ಸೇರಿ, ಕೆಲವು ಕಡೆ 26 ಲೇನಿನಷ್ಟು ಹಿಗ್ಗಿಸಿದರು. ಕೆಲವೇ ವರ್ಷಗಳಲ್ಲಿ ಅದೂ ತುಂಬಿತು.

ಇನ್ನು ಬಡವರ ಮಾತು. ಇದರಲ್ಲಿ ನಿಜವಿಲ್ಲ ಎನ್ನಲಾರೆವು. ಬಸ್ಸಿಲ್ಲದ ಹೊತ್ತಿನಲ್ಲಿ ಪಾಳಿ ಕೆಲಸಕ್ಕೆ ಹೋಗುವವರು ಇದ್ದಾರೆ, ಅಂಗವಿಕಲರು ಇದ್ದಾರೆ, ಅವರಿಗೆ ರಿಯಾಯಿತಿ ಬೇಕೇ ಬೇಕು. ನ್ಯೂಯಾರ್ಕಿನಲ್ಲಿ ಕಾರಿಗೆ ಹಗಲಿನ ದರ 9 ಡಾಲರ್. ಕಡಿಮೆ ಆದಾಯದವರು ಹೆಸರು ನೋಂದಾಯಿಸಿಕೊಂಡರೆ ತಿಂಗಳಿನ ಮೊದಲ 10 ಪ್ರಯಾಣದ ನಂತರ ಅರ್ಧ ದರ. ಅಷ್ಟನ್ನು ಒಪ್ಪಿಕೊಂಡು ಒಂದು ಮಾತು ಕೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ಬೆಳಗಿನ ಜಾಮಿನಲ್ಲಿ ಬಡವರು ಎಲ್ಲಿದ್ದಾರೆಂದು ಎಂದಾದರೂ ಹಿಂತಿರುಗಿ ನೋಡಿದ್ದೀರಾ? ನಿಮ್ಮ ಕಾರಿನ ಹಿಂದೆ ಸಿಕ್ಕಿಬಿದ್ದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾರೆ. ಗಂಟೆಗೆ 900 ಕಾರು ದಾಟುವ ಲೇನಿನಲ್ಲಿ, ಕಾರಿಗೆ ಒಂದೂವರೆ ಜನ ಎಂದರೂ, ಸಾಗುವುದು 1,350 ಮಂದಿ. ಅದೇ ಲೇನನ್ನು ಬಸ್ಸಿಗೆ ಬಿಟ್ಟುಕೊಟ್ಟು 50 ಜನರ ಬಸ್ಸನ್ನು ನಿಮಿಷಕ್ಕೊಂದರಂತೆ ಓಡಿಸಿದರೆ 3,000 ಮಂದಿ. ಬಡವರ ಪರ ವಾದಿಸುವುದಾದರೆ ಈ ಲೇನಿಗಾಗಿ ವಾದಿಸಿ.

ಶುಲ್ಕ ಎಲ್ಲೆಡೆ ಗೆದ್ದಿತೆಂದು ನಾವು ಹೇಳುತ್ತಿಲ್ಲ. ಸೋತ ಕಡೆ ಸೋತದ್ದು ಬಹುಪಾಲು ಶುಲ್ಕದ ವ್ಯವಸ್ಥೆಯನ್ನು ರೂಪಿಸಿದ ಕ್ರಮದಲ್ಲಿ.

ಸಿಂಗಪುರವನ್ನೇ ನೋಡಿ. 1975ರ ಜೂನ್‌ನಲ್ಲಿ ಕಾರಿನ ಗಾಜಿಗೆ ಅಂಟಿಸುವ ಕಾಗದದ ಪರವಾನಗಿಯಿಂದ ಶುರು ಮಾಡಿದರು. ದಿನಕ್ಕೆ 3 ಸಿಂಗಪುರ ಡಾಲರ್, ಬೆಳಿಗ್ಗೆ 7.30ರಿಂದ 9.30ರವರೆಗೆ. ಆಮೇಲೇನಾಯಿತು? 9.30 ಆಗುವುದನ್ನೇ ಕಾಯುತ್ತಿದ್ದ ಕಾರುಗಳು ಒಟ್ಟಿಗೆ ನುಗ್ಗಿದವು. ಕೆಲವೇ ವಾರಗಳಲ್ಲಿ ಅವಧಿಯನ್ನು 10.15ಕ್ಕೆ ಎಳೆಯಬೇಕಾಯಿತು. ನಾಲ್ವರು ಕೂತ ಕಾರಿಗೆ ವಿನಾಯಿತಿ ಕೊಟ್ಟರೆ, ಚಾಲಕರು ಬಸ್ ನಿಲ್ದಾಣದಲ್ಲಿ ನಿಂತವರನ್ನು ಹತ್ತಿಸಿಕೊಂಡು ತಲೆ ಲೆಕ್ಕ ಸರಿಮಾಡಿಕೊಂಡರು. 1998ರಲ್ಲಿ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂದ ಮೇಲೂ, ದರ ಏಕಾಏಕಿ ಬದಲಾಗುವ ಗಳಿಗೆಗೆ ಮುಂಚೆ ಕೆಲವರು ರಸ್ತೆ ಮೇಲಿನ ಶುಲ್ಕ ಕಡಿತದ ಕಮಾನಿನಡಿ ನುಸುಳಲು ವೇಗ ಹೆಚ್ಚಿಸುವುದು, ಕೆಲವರು ದರ ಇಳಿಯಲೆಂದು ತೆವಳುವುದು ಶುರುವಾಯಿತು. ನಡುವೆ ಐದು ನಿಮಿಷದ ಮಧ್ಯಮ ದರ ಸೇರಿಸಿ ಅದನ್ನು ತಿದ್ದಿದರು. ಅಲ್ಲಿ ದರಕ್ಕೆ ಅಳತೆಗೋಲು ವೇಗ. ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಗಂಟೆಗೆ 45ರಿಂದ 65 ಕಿಲೋಮೀಟರ್, ಮುಖ್ಯರಸ್ತೆಯಲ್ಲಿ 20ರಿಂದ 30. ಅದಕ್ಕಿಂತ ನಿಧಾನವಾದರೆ ದರ ಏರುತ್ತದೆ, ಮಿತಿ ಮೀರಿ ವೇಗವಾದರೆ ಇಳಿಯುತ್ತದೆ. ಹೌದು, ಇಳಿಸುತ್ತಾರೆ. ಖಜಾನೆ ತುಂಬಿಸಲೆಂದೇ ಮಾಡಿದ ಶುಲ್ಕ ಇಳಿಯುವುದನ್ನು ಎಲ್ಲಾದರೂ ಕಂಡಿದ್ದೀರಾ?

ಲಂಡನ್ 2003ರ ಫೆಬ್ರವರಿಯಲ್ಲಿ ದಿನಕ್ಕೆ 5 ಪೌಂಡ್ ಎಂದು ಶುರು ಮಾಡಿತು. ಮೊದಲ ವರ್ಷಗಳಲ್ಲಿ ದಟ್ಟಣೆ ಚೆನ್ನಾಗಿಯೇ ಇಳಿಯಿತು, ಆಮೇಲೆ ಮತ್ತೆ ಏರಿತು. ಎರಡು ತೂತುಗಳಿದ್ದವು. ಒಮ್ಮೆ ಕಟ್ಟಿದರೆ ದಿನವಿಡೀ ಎಷ್ಟು ಸುತ್ತಿದರೂ ಅಷ್ಟೇ ದುಡ್ಡು, ಹಾಗಾಗಿ ಜನದಟ್ಟಣೆಯ ಹೊತ್ತು ತಪ್ಪಿಸುವ ಆಸೆ ಯಾರಿಗೂ ಹುಟ್ಟಲಿಲ್ಲ. ಬಾಡಿಗೆ ಕಾರುಗಳಿಗೆ ವಿನಾಯಿತಿ ಇತ್ತು. ಆ್ಯಪ್ ಬಂದ ಮೇಲೆ ಅವು ನಗರ ತುಂಬಿದವು, 2019ರಲ್ಲಿ ವಿನಾಯಿತಿ ಕಿತ್ತುಹಾಕಬೇಕಾಯಿತು. ವಿನಾಯಿತಿ ಪಟ್ಟಿ ಬರೆಯುವಾಗ ಕೈ ಬಿಗಿಯಿರಬೇಕು. ಆಂಬುಲೆನ್ಸ್, ಅಗ್ನಿಶಾಮಕ, ಬಸ್, ಅಂಗವಿಕಲರು. ಇದರಾಚೆ ಗಣ್ಯರು, ಶಾಸಕರು, ಪತ್ರಕರ್ತರು (ನಾವೂ ಸೇರಿ) ಎಂದು ಬೆಳೆಯತೊಡಗಿದರೆ ಮುಗಿಯಿತು.

ಎಲ್ಲೆಯನ್ನು ಎಲ್ಲಿ ಎಳೆಯುತ್ತೀರಿ ಎನ್ನುವುದು ಇನ್ನೂ ಸೂಕ್ಷ್ಮ. ನಗರ ಕೇಂದ್ರದ ಒಳಗೆ ಬಾರದೆ ಸುತ್ತಿ ಹೋಗುವವನಿಗೆ ಶುಲ್ಕವಿಲ್ಲದ ದಾರಿ ಇರಬೇಕು. ಇಲ್ಲದಿದ್ದರೆ ಅವನು ಗಲ್ಲಿ ಹಿಡಿಯುತ್ತಾನೆ. ನ್ಯೂಯಾರ್ಕ್ ತನ್ನ ಕೇಂದ್ರವಾದ ಮ್ಯಾನ್‌ಹಟನ್ನಿನಲ್ಲಿ 60ನೇ ಬೀದಿಯಿಂದ ದಕ್ಷಿಣಕ್ಕಿರುವ ಭಾಗಕ್ಕೆ ಶುಲ್ಕ ಹಾಕಿ, ಎರಡೂ ಅಂಚಿನ ಹೆದ್ದಾರಿಗಳನ್ನು ಹೊರಗಿಟ್ಟದ್ದು ಇದಕ್ಕೇ. ಗಡಿಯ ಆಚೆಗಿನ ಬೀದಿಗಳಲ್ಲಿ ಕಾರು ನಿಲ್ಲಿಸಿ ಒಳಗೆ ನಡೆದು ಬರುವವರ ಕಾಟವೂ ಇದೆ. ಶುಲ್ಕದ ಜೊತೆಗೇ ಆ ಬೀದಿಗಳಿಗೆ ಪಾರ್ಕಿಂಗ್ ನಿಯಮ ಬೇಕು. ಈ ಪಾರ್ಕಿಂಗ್ ಬೇರೆಯದೇ ಹಗರಣ. ಸಾರ್ವಜನಿಕ ನೆಲದಲ್ಲಿ ಖಾಸಗಿ ಕಾರನ್ನು ಹಗಲೆಲ್ಲ ಪುಕ್ಕಟೆ ನಿಲ್ಲಿಸಿಕೊಂಡವನು, ಕಾಲುದಾರಿಯಲ್ಲಿ ತಳ್ಳುಗಾಡಿ ಇಟ್ಟವನನ್ನು ಒತ್ತುವರಿದಾರ ಎನ್ನುತ್ತಾನೆ. ನಗರಾಡಳಿತಗಳೂ ಹಾಗೇ. ವಾಹನ ಎಣಿಸಲು ಅವಕ್ಕೆ ಯಂತ್ರವಿದೆ, ಬಸ್ಸಿಗೆ ಕಾದು ನಿಂತವರನ್ನು ಎಣಿಸುವ ವ್ಯವಧಾನವಿಲ್ಲ.

ಜನ ಒಪ್ಪುತ್ತಾರೆಯೇ ಎಂದು ಕೇಳಬಹುದು. 2005ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಶುಲ್ಕ ಹಾಕುವ ಮೊದಲೇ ಮತ ಕೇಳಿತು. ನಾಲ್ವರಲ್ಲಿ ಸುಮಾರು ಮೂವರು ಬೇಡವೆಂದರು, ಯೋಜನೆ ಸತ್ತಿತು. ಸ್ವೀಡನ್ನಿನ ಸ್ಟಾಕ್‌ಹೋಮ್ ಉಲ್ಟಾ ಮಾಡಿತು. 2005ರಲ್ಲೇ ಹೆಚ್ಚುವರಿ ಬಸ್ ಬಿಟ್ಟರು. 2006ರ ಜನವರಿಯಿಂದ ಜುಲೈವರೆಗೆ ಶುಲ್ಕದ ಪ್ರಯೋಗ, ಹೊತ್ತಿಗೆ ತಕ್ಕಂತೆ 10, 15, 20 ಕ್ರೋನಾ, ದಿನಕ್ಕೆ ಗರಿಷ್ಠ 60. ಗಡಿ ದಾಟುವ ವಾಹನ ಸುಮಾರು ಐದರಲ್ಲೊಂದು ಪಾಲು ಇಳಿದವು. ಪ್ರಯೋಗ ನಿಲ್ಲಿಸಿದ ಮೇಲೆ ಜಾಮ್ ವಾಪಸಾದದ್ದನ್ನು ಜನ ಕಣ್ಣಾರೆ ಕಂಡರು. ಸೆಪ್ಟೆಂಬರಿನಲ್ಲಿ ಮತ ಕೇಳಿದಾಗ ನಗರ ಹೌದೆಂದಿತು. 2007ರ ಆಗಸ್ಟಿನಿಂದ ಶುಲ್ಕ ಕಾಯಂ.

ಆದ್ದರಿಂದ ನಿಮ್ಮ ಮುಂದಿನ ಪತ್ರ ನಿಮ್ಮ ನಗರಾಡಳಿತಕ್ಕೆ ಹೋಗಲಿ. ಶುಲ್ಕ ಶುರುವಾಗುವ ಮೊದಲೇ ಯಾವ ಮಾರ್ಗಕ್ಕೆ ಎಷ್ಟು ಬಸ್ ಬರುತ್ತದೆಂಬ ಪಟ್ಟಿ ಕೇಳಿ. ಬಂದ ಹಣ ಬಸ್ಸು, ರೈಲು, ಕಾಲುದಾರಿಗೇ ಹೋಗುವಂತೆ ಕಾನೂನಿನಲ್ಲಿ ಬರೆಯಲು ಹೇಳಿ. ವಾಹನಗಳ ಓಡಾಟದ ದಾಖಲೆಯನ್ನು ಎಷ್ಟು ದಿನದಲ್ಲಿ ಅಳಿಸುತ್ತಾರೆಂದೂ ಕೇಳಿ. 1980ರ ದಶಕದಲ್ಲಿ ಹಾಂಗ್‌ಕಾಂಗಿನ ಎಲೆಕ್ಟ್ರಾನಿಕ್ ಪ್ರಯೋಗ ಯಂತ್ರದ ಮಟ್ಟಿಗೆ ಗೆದ್ದೂ, ಸರಕಾರ ನಮ್ಮ ಓಡಾಟ ಗಮನಿಸುತ್ತದೆಂಬ ಭಯ ಸೇರಿ ಹಲವು ವಿರೋಧಗಳಿಗೆ ಸಿಕ್ಕಿ ಮೂಲೆ ಸೇರಿತು. ಬಸ್ಸಿನ ಪಟ್ಟಿ ಕೊಡದೆ ಶುಲ್ಕವನ್ನಷ್ಟೇ ಹೇರಿದರೆ ನಮಗೆ ಬರೆಯಿರಿ, ನಿಮ್ಮ ಪ್ರತಿಭಟನೆಯನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.